ಅರಳುಮರಳೆ, ಬೇನೆಯೆ? ಆಲ್ಝೈಮರ್ ರೋಗದ ಮುಂಗುರುತಿನ ಶೋಧ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮನೆಯ ಹಿರಿಯರು ಹೇಳಿದುದನ್ನೇ ಮತ್ತೆ ಮತ್ತೆ ಹೇಳಿದರೆ, ಇಟ್ಟ ವಸ್ತು ಎಲ್ಲಿದೆಯೆಂದು ಮರೆತರೆ, ಮೊಮ್ಮಕ್ಕಳ ಹೆಸರನ್ನು ಅದಲುಬದಲು ಮಾಡಿದರೆ, ನಾವು ಈ ಗಾದೆಯನ್ನು ನೆನೆದು ಸುಮ್ಮನಾಗುತ್ತೇವೆ. ಗದಗ-ಬೆಟಗೇರಿಯ ಓಣಿಗಳಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸುತ್ತಣ ಹಳ್ಳಿಗಳಲ್ಲಾಗಲಿ, ಇದು ದಿನನಿತ್ಯದ ಮಾತು. ಗಾದೆಯಲ್ಲಿ ಹಿರಿಯರ ವಿಷಯದಲ್ಲಿ ಒಂದು ಬಗೆಯ ಸಹನೆಯುಂಟು. ಆದರೆ ಅದರಲ್ಲಿ ಒಂದು ದೊಡ್ಡ ದೋಷವೂ ಉಂಟು: ಅದು ವಯಸ್ಸನ್ನೂ ರೋಗವನ್ನೂ ಒಂದೇ ಎಂದು ಬಗೆಯುತ್ತದೆ.

೨೦೨೩ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದರ ಪ್ರಕಾರ, ಭಾರತದಲ್ಲಿ ಅರವತ್ತು ಮೀರಿದವರ ಪೈಕಿ ಶೇಕಡಾ ೭.೪ರಷ್ಟು ಮಂದಿ ಡಿಮೆನ್ಷಿಯದಿಂದ, ಎಂದರೆ ಬುದ್ಧಿ ನೆನಪುಗಳನ್ನು ಮೆಲ್ಲಮೆಲ್ಲನೆ ಕಸಿದುಕೊಳ್ಳುವ ಬೇನೆಯಿಂದ, ನರಳುತ್ತಿದ್ದಾರೆ. ಅಂಥವರ ಒಟ್ಟು ಸಂಖ್ಯೆ ಸುಮಾರು ೮೮ ಲಕ್ಷ. ಈ ಅಂಕಿಯನ್ನು ತಿರುಗಿಸಿ ನೋಡೋಣ. ಅರವತ್ತು ಮೀರಿದ ನೂರು ಮಂದಿಯಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಈ ಬೇನೆಯಿಲ್ಲ. ಅರಳುಮರಳು ಮುಪ್ಪಿನ ನಿಯಮವಾಗಿದ್ದರೆ ಹೀಗಿರುವುದು ಸಾಧ್ಯವೇ ಇರಲಿಲ್ಲ. ಆದುದರಿಂದ ಅದು ಬಂದವರಿಗೆ ಏಕೆ ಬಂದಿತು, ಯಾವಾಗ ಬಂದಿತು, ಮೊದಲೇ ತಿಳಿಯಬಹುದಾಗಿತ್ತೆ ಎಂದು ಕೇಳುವುದು ನ್ಯಾಯವಾಗಿದೆ. ಡಿಮೆನ್ಷಿಯಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಅತ್ಯಂತ ಸಾಮಾನ್ಯವಾದುದು ಆಲ್ಝೈಮರ್ ರೋಗ.

ನೆನಪು ಒಂದೇ ಅಲ್ಲ

ಈ ರೋಗ ಬಹುಕಾಲ ಮನೆಯವರ ಕಣ್ಣಿಗೆ ಬೀಳದಿರುವುದಕ್ಕೆ ಒಂದು ಕಾರಣವುಂಟು. ಬೆಟಗೇರಿಯ ಮಗ್ಗವೊಂದರ ಮುಂದೆ ಕುಳಿತ ಎಪ್ಪತ್ತರ ನೇಕಾರರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಲಾಳಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡುತ್ತದೆ, ಹಾಸಿನ ಎಳೆ ಕಡಿದರೆ ಕೈ ತಾನಾಗಿ ಗಂಟು ಹಾಕುತ್ತದೆ, ಅಂಚು ಸೊಟ್ಟಗಾಗುವುದಿಲ್ಲ. ಐವತ್ತು ವರ್ಷಗಳ ಹಿಂದೆ ಯಾವ ಮದುವೆಗೆ ಯಾವ ಸೀರೆಯನ್ನು ನೇಯ್ದುಕೊಟ್ಟೆನೆಂಬುದನ್ನು ಅವರು ಹೇಳಬಲ್ಲರು. ಆದರೆ ಬೆಳಿಗ್ಗೆ ಉಂಡುದೇನು, ನೂಲು ತಂದುಕೊಟ್ಟವರು ಯಾರು ಎಂದರೆ ಅವರಿಗೆ ತೋಚದು. ‘ಇಷ್ಟು ಚೆನ್ನಾಗಿ ನೇಯುತ್ತಾರೆ, ಇವರ ನೆನಪಿಗೇನಾಗಿದೆ?’ ಎಂದು ಮನೆಯವರು ಭಾವಿಸುವುದು ಸಹಜ.

ಮಿದುಳಿನಲ್ಲಿ ನೆನಪಿನ ಉಗ್ರಾಣ ಒಂದೇ ಅಲ್ಲ. ಕೈಯ ಕೌಶಲವನ್ನು ಕಾಯ್ದುಕೊಳ್ಳುವ ಕೆಲಸ ಬಹುಮಟ್ಟಿಗೆ ಕಿರುಮೆದುಳು ಮತ್ತು ಮಿದುಳಿನ ತಳದ ನರಗ್ರಂಥಿಗಳದು. ಇಂದಿನ ಘಟನೆಯನ್ನು ಹೊಸದಾಗಿ ದಾಖಲಿಸಿಕೊಳ್ಳುವ ಕೆಲಸ ಹಿಪ್ಪೊಕ್ಯಾಂಪಸ್ ಎಂಬ ಭಾಗದ್ದು. ಕಡಲ್ಗುದುರೆಯ ಆಕಾರದ ಈ ಪುಟ್ಟ ಅಂಗ ಎರಡೂ ಕಿವಿಗಳ ಒಳಪಕ್ಕದಲ್ಲಿ, ಪ್ರತಿ ಬದಿಗೆ ಒಂದರಂತೆ ಇರುತ್ತದೆ. ಆಲ್ಝೈಮರ್ ರೋಗ ಮೊದಲು ಘಾಸಿಗೊಳಿಸುವುದು ಇದನ್ನೂ ಇದರ ನೆರೆಯ ಭಾಗವನ್ನೂ. ಆದುದರಿಂದಲೇ ಹಳೆಯ ನೆನಪು, ಕೈಯ ನೆನಪುಗಳು ಉಳಿದಿರುವಾಗಲೇ ಹೊಸ ನೆನಪು ಅಳಿಯತೊಡಗುತ್ತದೆ.

ಫ್ರಾಂಕ್‌ಫರ್ಟಿನ ರೋಗಿ

೧೯೦೧ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗುಸ್ಟೆ ಡೀಟರ್ ಎಂಬ ೫೧ ವರ್ಷದ ಗೃಹಿಣಿಯನ್ನು ಕರೆತಂದರು. ಆಕೆ ಆಗತಾನೆ ತೋರಿಸಿದ ವಸ್ತುಗಳನ್ನು ಮರೆಯುತ್ತಿದ್ದರು. ಬರೆಯುತ್ತಿರುವಾಗಲೇ ಬರೆಯಬೇಕಾದ ಮಾತು ಮನಸ್ಸಿನಿಂದ ಜಾರಿಹೋಗುತ್ತಿತ್ತು. ಆಲೋಯಿಸ್ ಆಲ್ಝೈಮರ್ ಎಂಬ ವೈದ್ಯರು ಆಕೆಯನ್ನು ಪರೀಕ್ಷಿಸಿ, ಪ್ರಶ್ನೋತ್ತರಗಳನ್ನು ಬರೆದಿಟ್ಟರು. ೧೯೦೬ರಲ್ಲಿ ಆಕೆ ತೀರಿಕೊಂಡ ತರುವಾಯ ಮಿದುಳಿನ ತೆಳುಪದರಗಳಿಗೆ ಬೆಳ್ಳಿಯ ಲವಣದ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎರಡು ವಿಚಿತ್ರಗಳು ಕಂಡವು. ನರಕೋಶಗಳ ನಡುವೆ ಗಟ್ಟಿಯಾದ ಗಸಿಯಂಥ ಕಲೆಗಳಿದ್ದವು. ನರಕೋಶಗಳ ಒಳಗೆ ಸಿಕ್ಕುಗಟ್ಟಿದ ಎಳೆಗಳಿದ್ದವು. ಆ ವರ್ಷದ ನವೆಂಬರ್ ೩ರಂದು ಟ್ಯೂಬಿಂಗೆನ್ ನಗರದ ವೈದ್ಯರ ಸಭೆಯಲ್ಲಿ ಆಲ್ಝೈಮರರು ಇದನ್ನು ವಿವರಿಸಿದರು. ೧೯೧೦ರಲ್ಲಿ ಎಮಿಲ್ ಕ್ರೆಪೆಲಿನ್ ತಮ್ಮ ಗ್ರಂಥದಲ್ಲಿ ಈ ರೋಗಕ್ಕೆ ಅವರ ಹೆಸರನ್ನೇ ಇಟ್ಟರು.

ಕೋಶಗಳ ಹೊರಗಿನ ಗಸಿ ಅಮಿಲಾಯ್ಡ್-ಬೀಟಾ ಎಂಬ ಪ್ರೋಟೀನಿನ ತುಣುಕುಗಳಿಂದ ಆದುದೆಂದೂ, ಒಳಗಿನ ಸಿಕ್ಕು ಟೌ ಎಂಬ ಮತ್ತೊಂದು ಪ್ರೋಟೀನಿನದೆಂದೂ ೧೯೮೦ರ ದಶಕದಲ್ಲಿ ತಿಳಿದುಬಂದಿತು. ಟೌ ಸ್ವಭಾವತಃ ಕೆಡುಕಿನದಲ್ಲ. ನರಕೋಶದ ಒಳಗಿನ ಸಾಗಣೆಯ ಕೊಳವೆಗಳನ್ನು ಅದು ಭದ್ರವಾಗಿ ಹಿಡಿದಿರುತ್ತದೆ. ಅದಕ್ಕೆ ಮಿತಿಮೀರಿ ಫಾಸ್ಫೇಟ್ ಅಂಟಿಕೊಂಡಾಗ ಅದು ಕೊಳವೆಯನ್ನು ಬಿಟ್ಟು ತನ್ನಲ್ಲೇ ಸುತ್ತಿಕೊಳ್ಳುತ್ತದೆ. ಮಗ್ಗದ ಹಾಸು ಸಡಿಲವಾಗಿ ನೂಲು ಸಿಕ್ಕಾದರೆ ಬಟ್ಟೆ ಮುಂದುವರಿಯದು. ಹಾಗೆಯೇ ನರಕೋಶದ ಕೆಲಸವೂ ನಿಂತುಹೋಗುತ್ತದೆ.

ಕಾಲು ಶತಮಾನದ ಮೌನ

ಈ ಬದಲಾವಣೆಗಳು ಆರಂಭವಾಗುವುದು ಯಾವಾಗ? ಮರೆವು ಕಾಣಿಸಿಕೊಂಡ ವರ್ಷವೆ? ಅಲ್ಲ. ಕೆಲವು ಕುಟುಂಬಗಳಲ್ಲಿ ಒಂದೇ ಜೀನಿನ ದೋಷದಿಂದ ಈ ರೋಗ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಅಲ್ಲಿ ತಂದೆ ಅಥವಾ ತಾಯಿಗೆ ರೋಗ ತೋರಿದ ವಯಸ್ಸಿನಿಂದ ಮಕ್ಕಳಿಗೆ ತೋರಬಹುದಾದ ವಯಸ್ಸನ್ನು ಅಂದಾಜು ಮಾಡಬಹುದು. ಇಂಥ ಕುಟುಂಬಗಳನ್ನು ಪರೀಕ್ಷಿಸಿ ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಕಾಲಪಟ್ಟಿಯನ್ನು ಮುಂದಿಟ್ಟಿತು. ಲಕ್ಷಣಗಳು ತೋರುವುದಕ್ಕೆ ಸುಮಾರು ೨೫ ವರ್ಷಗಳ ಮೊದಲೇ ಮಿದುಳು-ಬೆನ್ನುಹುರಿಯ ದ್ರವದಲ್ಲಿ ಅಮಿಲಾಯ್ಡ್-ಬೀಟಾ ಇಳಿಯತೊಡಗುತ್ತದೆ. ೧೫ ವರ್ಷಗಳ ಮೊದಲು ಮಿದುಳಿನಲ್ಲಿ ಗಸಿ ಕಾಣುತ್ತದೆ, ದ್ರವದಲ್ಲಿ ಟೌ ಏರುತ್ತದೆ. ಸುಮಾರು ೧೦ ವರ್ಷಗಳ ಮೊದಲು ಘಟನೆಗಳ ನೆನಪು ಅಳತೆಗೆ ಸಿಗುವಷ್ಟು ಕುಂದುತ್ತದೆ.

ಇಂಥ ಆನುವಂಶಿಕ ರೋಗ ಅಪರೂಪ. ಮುಪ್ಪಿನಲ್ಲಿ ಬರುವ ಸಾಮಾನ್ಯ ರೋಗದಲ್ಲಿಯೂ ಇದೇ ಬಗೆಯ ದೀರ್ಘ ಮೌನವಿದೆಯೆಂಬುದಕ್ಕೆ ಅನೇಕ ಆಧಾರಗಳು ದೊರೆತಿವೆ. ಎಪ್ಪತ್ತರಲ್ಲಿ ಕಾಣುವ ಬೇನೆ ಐವತ್ತರಲ್ಲಿ ಬೇರುಬಿಟ್ಟಿರಬಹುದು. ಸತ್ತ ನರಕೋಶವನ್ನು ಮರಳಿ ಎಬ್ಬಿಸುವ ಉಪಾಯ ನಮ್ಮಲ್ಲಿಲ್ಲವಾದುದರಿಂದ, ಅವು ಸಾಯುವ ಮೊದಲೇ ಬೇನೆಯನ್ನು ಗುರುತಿಸಬೇಕು. ಮುಂಗುರುತಿನ ಶೋಧಕ್ಕೆ ಇಷ್ಟು ಬೆಲೆ ಬಂದಿರುವುದು ಇದರಿಂದಲೇ.

ತಲೆಬುರುಡೆ ತೆರೆಯದೆ ನೋಡುವ ಬಗೆ

ಬಹುಕಾಲ ಈ ರೋಗವನ್ನು ಖಚಿತವಾಗಿ ಹೇಳಬೇಕಾದರೆ ಮರಣಾನಂತರ ಮಿದುಳನ್ನು ನೋಡಬೇಕಾಗಿತ್ತು. ೨೦೦೪ರಲ್ಲಿ ಪಿಟ್ಸ್‌ಬರ್ಗಿನ ಮತ್ತು ಸ್ವೀಡನ್ನಿನ ವಿಜ್ಞಾನಿಗಳು ಹೊಸದೊಂದು ದಾರಿಯನ್ನು ತೋರಿಸಿದರು. ಅಮಿಲಾಯ್ಡಿಗೆ ಅಂಟಿಕೊಳ್ಳುವ ವಸ್ತುವೊಂದಕ್ಕೆ ವಿಕಿರಣ ಸೂಸುವ ಇಂಗಾಲ-೧೧ನ್ನು ಜೋಡಿಸಿ ರಕ್ತಕ್ಕೆ ಬಿಟ್ಟರು. ಅದು ಮಿದುಳಿನ ಗಸಿಗೆ ಅಂಟಿಕೊಂಡು, ಪೆಟ್ ಯಂತ್ರದಲ್ಲಿ ಬೆಳಕಿನ ಕಲೆಯಾಗಿ ಕಂಡಿತು. ಆದರೆ ಇಂಗಾಲ-೧೧ರ ಅರ್ಧಾಯು ೨೦ ನಿಮಿಷ. ಒಂದು ಗಂಟೆಯಲ್ಲಿ ಎಂಟನೆಯ ಒಂದು ಪಾಲು ಮಾತ್ರ ಉಳಿಯುತ್ತದೆ. ಆದುದರಿಂದ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಆಸ್ಪತ್ರೆಯ ಬಳಿಯಲ್ಲೇ ಇರಬೇಕು. ಮುಂದೆ ಬಂದ ಫ್ಲೋರಿನ್-೧೮ರ ಅರ್ಧಾಯು ೧೧೦ ನಿಮಿಷ. ಇದನ್ನು ಒಂದಷ್ಟು ದೂರ ಸಾಗಿಸಬಹುದಾದರೂ, ಈ ಪರೀಕ್ಷೆ ದುಬಾರಿಯಾದುದು, ಮಹಾನಗರಗಳಿಗೆ ಸೀಮಿತವಾದುದು. ಮುಂಡರಗಿಯ ರೈತನಿಗೆ ಇದು ಎಟುಕುವುದಲ್ಲ.

ಹೀಗಾಗಿ ರಕ್ತದ ಪರೀಕ್ಷೆಯ ಮೇಲೆ ಎಲ್ಲರ ಕಣ್ಣು ನೆಟ್ಟಿದೆ. ಟೌ ಪ್ರೋಟೀನು ಅಮೈನೋ ಆಮ್ಲಗಳ ಒಂದು ಸರ. ಆ ಸರದ ೨೧೭ನೆಯ ಮಣಿಗೆ ಫಾಸ್ಫೇಟ್ ಅಂಟಿದ ರೂಪಕ್ಕೆ ಪಿ-ಟೌ-೨೧೭ ಎಂದು ಹೆಸರು. ಮಿದುಳಿನಲ್ಲಿ ಅಮಿಲಾಯ್ಡ್ ಶೇಖರವಾಗತೊಡಗಿದಂತೆ ಇದು ರಕ್ತದಲ್ಲಿ ಏರುತ್ತದೆ. ಏರುವ ಪ್ರಮಾಣವಾದರೂ ಅತ್ಯಲ್ಪ. ಇದನ್ನು ಅಳೆಯುವುದು ಪಿಕೋಗ್ರಾಮಿನಲ್ಲಿ, ಎಂದರೆ ಗ್ರಾಮಿನ ಲಕ್ಷಕೋಟಿಯಲ್ಲಿ ಒಂದು ಪಾಲಿನಲ್ಲಿ. ೨೦೨೫ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಇಂಥ ರಕ್ತಪರೀಕ್ಷೆಯೊಂದಕ್ಕೆ ಮೊದಲ ಬಾರಿಗೆ ಅನುಮತಿಯನ್ನಿತ್ತಿತು. ಅದರಲ್ಲಿ ಪಿ-ಟೌ-೨೧೭ಕ್ಕೂ ಅಮಿಲಾಯ್ಡಿಗೂ ಇರುವ ಪ್ರಮಾಣವನ್ನು ನೋಡುತ್ತಾರೆ. ಆದರೆ ಅನುಮತಿ ದೊರೆತುದು ಎಲ್ಲರಿಗಲ್ಲ. ೫೫ ವರ್ಷ ಮೀರಿದ, ಮರೆವಿನ ಲಕ್ಷಣಗಳಿರುವವರಿಗೆ ಮಾತ್ರ. ಈ ಮಿತಿ ಏಕೆಂಬುದನ್ನು ಸರಳವಾದ ಲೆಕ್ಕವೊಂದು ತೋರಿಸಿಕೊಡುತ್ತದೆ.

ಸಾವಿರ ಜನರ ಲೆಕ್ಕ

ಒಂದು ಪರೀಕ್ಷೆ ರೋಗಿಗಳಲ್ಲಿ ನೂರಕ್ಕೆ ೯೦ ಮಂದಿಯನ್ನು ಹಿಡಿಯುತ್ತದೆ, ರೋಗವಿಲ್ಲದವರಲ್ಲಿ ನೂರಕ್ಕೆ ೯೦ ಮಂದಿಯನ್ನು ಸರಿಯಾಗಿ ಬಿಟ್ಟುಕೊಡುತ್ತದೆ ಎಂದು ಭಾವಿಸೋಣ. ನಮ್ಮ ನಾಲ್ಕು ಊರುಗಳಲ್ಲಿ ಅರವತ್ತು ಮೀರಿದ ಸಾವಿರ ಮಂದಿಯನ್ನು ಯಾವ ವಿಚಾರಣೆಯೂ ಇಲ್ಲದೆ ಕರೆದು ಪರೀಕ್ಷಿಸಿದೆವೆನ್ನಿ. ಶೇಕಡಾ ೭.೪ರ ಲೆಕ್ಕದಲ್ಲಿ ರೋಗವಿರುವವರು ೭೪ ಮಂದಿ. ಅವರಲ್ಲಿ ೬೭ ಮಂದಿ ಸಿಕ್ಕುತ್ತಾರೆ. ರೋಗವಿಲ್ಲದವರು ೯೨೬ ಮಂದಿ. ಅವರಲ್ಲಿ ೯೩ ಮಂದಿಗೆ ‘ರೋಗವಿದೆ’ ಎಂಬ ಸುಳ್ಳು ಫಲ ಬರುತ್ತದೆ. ಎಂದರೆ, ರೋಗವಿದೆಯೆಂದು ಚೀಟಿ ಪಡೆದ ೧೬೦ ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆರೋಗ್ಯವಂತರು!

ಇದೇ ಪರೀಕ್ಷೆಯನ್ನು, ಮರೆವಿನ ದೂರಿನಿಂದ ವೈದ್ಯರ ಬಳಿಗೆ ಬಂದ, ಅರ್ಧಕ್ಕರ್ಧ ಮಂದಿಗೆ ರೋಗವಿರುವ ಸಾವಿರ ಜನರಿಗೆ ಮಾಡಿದರೆ ೪೫೦ ಮಂದಿ ಸರಿಯಾಗಿ ಸಿಕ್ಕುತ್ತಾರೆ, ೫೦ ಮಂದಿ ಮಾತ್ರ ತಪ್ಪಾಗಿ ಸಿಕ್ಕುತ್ತಾರೆ. ಪರೀಕ್ಷೆ ಬದಲಾಗಲಿಲ್ಲ, ಪರೀಕ್ಷೆಗೊಳಗಾದವರು ಬದಲಾದರು. ಇದಲ್ಲದೆ ಮೂತ್ರಪಿಂಡದ ಕಾಯಿಲೆಯಿರುವವರಲ್ಲಿ ಪಿ-ಟೌ ಮಟ್ಟ ಬೇರೆ ಕಾರಣದಿಂದಲೇ ಏರುವುದುಂಟು. ಆದುದರಿಂದ ರಕ್ತದ ಹನಿಗಿಂತ ಮೊದಲು ಬರಬೇಕಾದುದು ಮಾತಿನ ಪರೀಕ್ಷೆ: ಎದುರಿಗೆ ಕುಳಿತು, ಪ್ರಶ್ನೆ ಕೇಳಿ, ನೆನಪನ್ನು ಅಳೆಯುವುದು. ನಮ್ಮ ನಾಡಿಗೆ ನಿಜವಾದ ತೊಡಕು ಎದುರಾಗುವುದು ಇಲ್ಲಿಯೇ.

ಅಳತೆಗೋಲು ಯಾರದು?

ಜಗತ್ತಿನಲ್ಲಿ ಬಹಳ ಬಳಕೆಯಲ್ಲಿರುವ ಮಾತಿನ ಪರೀಕ್ಷೆಯೊಂದು ೧೯೭೫ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಅದಕ್ಕೆ ೩೦ ಅಂಕಗಳು. ಇಂದಿನ ತಾರೀಖು ಹೇಳಬೇಕು, ನೂರರಿಂದ ಏಳೇಳನ್ನು ಕಳೆಯುತ್ತ ಹೋಗಬೇಕು, ಇಲ್ಲವೆ ಇಂಗ್ಲಿಷ್ ಪದವೊಂದರ ಅಕ್ಷರಗಳನ್ನು ಹಿಂದುಮುಂದಾಗಿ ಒಪ್ಪಿಸಬೇಕು, ವಾಕ್ಯವೊಂದನ್ನು ಬರೆಯಬೇಕು. ಶಿರಹಟ್ಟಿಯ ಬಳಿಯ ಎರೆಹೊಲದಲ್ಲಿ ಬಾಳು ಸವೆಸಿದ, ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೊಬ್ಬರಿಗೆ ಈ ಪ್ರಶ್ನೆಗಳನ್ನು ಕೇಳಿದರೆ ಏನಾದೀತು? ಅವರಿಗೆ ತಾರೀಖು ಬೇಕಿಲ್ಲ. ಅಮಾವಾಸ್ಯೆ ಎಂದು, ಮುಂಗಾರಿಯೋ ಹಿಂಗಾರಿಯೋ, ಜೋಳದ ಬಿತ್ತನೆಗೆ ಇನ್ನೆಷ್ಟು ದಿನ ಎಂಬುದು ಬೆರಳ ತುದಿಯಲ್ಲಿದೆ. ಆದರೂ ಅಂಕಗಳು ಕಡಿಮೆಯಾಗಿ, ಇಲ್ಲದ ರೋಗದ ಪಟ್ಟಿ ಅವರಿಗೆ ಅಂಟುತ್ತದೆ. ಅದಕ್ಕೆ ವಿರುದ್ಧವಾಗಿ, ಚೆನ್ನಾಗಿ ಓದಿದ ನಿವೃತ್ತ ಅಧ್ಯಾಪಕರೊಬ್ಬರು ರೋಗ ಆರಂಭವಾದ ಮೇಲೂ ಹಳೆಯ ವಿದ್ಯೆಯ ಬಲದಿಂದ ಉತ್ತೀರ್ಣರಾಗಿಬಿಡಬಹುದು. ಅಳತೆಗೋಲು ಅಳೆದುದು ರೋಗವನ್ನಲ್ಲ, ಶಾಲೆಯನ್ನು!

ಈ ದೋಷವನ್ನು ನೀಗಲು ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ಸಂಶೋಧಕರು ೧೯೯೫ರಲ್ಲಿ ಹಿಂದಿಯ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಅಕ್ಷರಗಳ ಬದಲು ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿಸಿದರು. ಬರೆದ ಆಜ್ಞೆಯನ್ನು ಓದಿಸುವ ಬದಲು, ‘ನನ್ನ ಮುಖ ನೋಡಿ, ನಾನು ಮಾಡಿದಂತೆ ಮಾಡಿ’ ಎಂದು ಕಣ್ಣು ಮುಚ್ಚಿ ತೋರಿಸಿದರು. ವಾಕ್ಯ ಬರೆಸುವ ಬದಲು ಮನೆಯ ವಿಷಯ ಹೇಳಿಸಿದರು. ಪರೀಕ್ಷಿಸಬೇಕಾದ ಶಕ್ತಿ ಅದೇ; ಅದನ್ನು ತಲಪುವ ಬಾಗಿಲು ಮಾತ್ರ ಬೇರೆ. ತರುವಾಯ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಪರೀಕ್ಷೆಗಳ ಕಟ್ಟು ಸಿದ್ಧವಾಯಿತು.

ಆದರೆ ಕನ್ನಡಕ್ಕೂ ಹಲವು ಮುಖಗಳುಂಟು. ಲಕ್ಷ್ಮೇಶ್ವರ ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳ ಪ್ರದೇಶದ ಊರುಗಳಲ್ಲಿ ಅದನ್ನೂ ಎಣಿಸಿತು. ಆ ನೆಲದ ಹಿರಿಯರಿಗೆ ಈರುಳ್ಳಿಯ ಚಿತ್ರ ತೋರಿಸಿದರೆ ಅವರು ‘ಉಳ್ಳಾಗಡ್ಡಿ’ ಎನ್ನುತ್ತಾರೆ. ಪರೀಕ್ಷಕರ ಹಾಳೆಯಲ್ಲಿ ಬೆಂಗಳೂರಿನ ಪದ ಮಾತ್ರ ಇದ್ದರೆ, ಸರಿಯುತ್ತರವೇ ತಪ್ಪೆನಿಸೀತು.

ಶ್ರೀನಿವಾಸಪುರದ ಹಳ್ಳಿಗಳಲ್ಲಿ

ಅಳತೆಗೋಲನ್ನು ನಮ್ಮ ಜನರ ನಡುವೆಯೇ ಸಿದ್ಧಪಡಿಸಬೇಕೆಂಬ ಉದ್ದೇಶದ ದೊಡ್ಡ ಪ್ರಯತ್ನವೊಂದು ನಮ್ಮ ರಾಜ್ಯದಲ್ಲೇ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ ೨೦೧೮ರಲ್ಲಿ ಈ ಅಧ್ಯಯನವನ್ನು ಆರಂಭಿಸಿತು. ಕೇಂದ್ರದ ಸಂಸ್ಥಾಪಕ ನಿರ್ದೇಶಕಿ ವಿಜಯಲಕ್ಷ್ಮೀ ರವೀಂದ್ರನಾಥ್ ಅವರು. ೪೫ ವರ್ಷ ಮೀರಿದ ಹತ್ತು ಸಾವಿರ ಗ್ರಾಮಸ್ಥರನ್ನು ಸೇರಿಸಿಕೊಂಡು ವರ್ಷ ವರ್ಷವೂ ಪರೀಕ್ಷಿಸುವುದು ಅದರ ಗುರಿ. ನೆನಪಿನ ಪರೀಕ್ಷೆ, ರಕ್ತಪರೀಕ್ಷೆ, ಜೀನುಗಳ ಪರಿಶೀಲನೆ, ಎಂ.ಆರ್.ಐ. ಚಿತ್ರ ಇವೆಲ್ಲವೂ ಅದರಲ್ಲಿ ಸೇರಿವೆ. ಹೋಲಿಕೆಗಾಗಿ ಬೆಂಗಳೂರು ನಗರದ ಸಾವಿರ ಮಂದಿಯ ಮತ್ತೊಂದು ಅಧ್ಯಯನವೂ ಜೊತೆಗೆ ಸಾಗಿದೆ.

ಒಮ್ಮೆ ನೋಡಿ ಬಿಡುವುದಕ್ಕೂ ವರ್ಷಗಟ್ಟಲೆ ನೋಡುವುದಕ್ಕೂ ಬಹಳ ವ್ಯತ್ಯಾಸವುಂಟು. ಓದು ಬಾರದವರನ್ನು ಓದಿದವರೊಡನೆ ಹೋಲಿಸುವುದು ಅನ್ಯಾಯ. ಆದರೆ ಒಬ್ಬ ವ್ಯಕ್ತಿಯನ್ನು ಆತನ ಹೋದ ವರ್ಷದ ಸ್ಥಿತಿಯೊಡನೆ ಹೋಲಿಸಿದರೆ ಆ ದೋಷ ಬಹಳಮಟ್ಟಿಗೆ ನೀಗುತ್ತದೆ. ಇಂದು ಆರೋಗ್ಯವಾಗಿರುವವರಲ್ಲಿ ಮುಂದೆ ಕೆಲವರಿಗೆ ರೋಗ ಬಂದಾಗ, ಅವರ ಹಳೆಯ ದಾಖಲೆಗಳನ್ನು ತೆರೆದು, ಮೊದಲ ಸುಳಿವು ಎಲ್ಲಿತ್ತೆಂದು ಹುಡುಕಬಹುದು. ಭಾರತದ ಹಳ್ಳಿಗರಲ್ಲಿ ಆ ಸುಳಿವು ಯಾವುದೆಂಬುದನ್ನು ಅಮೆರಿಕದ ದಾಖಲೆಗಳು ಹೇಳಲಾರವು.

ನಮ್ಮ ಬದುಕಿನ ರೀತಿಯೂ ಇದರಲ್ಲಿ ಗಣನೆಗೆ ಬರುತ್ತದೆ. ಸುವರ್ಣಾ ಅಲ್ಲಾಡಿ ಮತ್ತು ಅವರ ಸಹೋದ್ಯೋಗಿಗಳು ಹೈದರಾಬಾದಿನಲ್ಲಿ ೬೪೮ ರೋಗಿಗಳನ್ನು ಪರಿಶೀಲಿಸಿ ೨೦೧೩ರಲ್ಲಿ ಪ್ರಕಟಿಸಿದಂತೆ, ಎರಡು ಅಥವಾ ಹೆಚ್ಚು ಭಾಷೆಗಳನ್ನಾಡುವವರಲ್ಲಿ ಡಿಮೆನ್ಷಿಯ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ಓದುಬರಹ ತಿಳಿಯದವರಲ್ಲಿಯೂ ಇದು ಕಂಡುಬಂದಿತು. ಲಕ್ಷ್ಮೇಶ್ವರದ ಪೇಟೆಯಲ್ಲಿ ಕನ್ನಡ-ಉರ್ದುಗಳೆರಡನ್ನೂ, ಸುತ್ತಣ ತಾಂಡಾಗಳಲ್ಲಿ ಲಂಬಾಣಿ-ಕನ್ನಡಗಳೆರಡನ್ನೂ ಆಡುವ ಹಿರಿಯರ ವಿಷಯದಲ್ಲಿ ಇದು ವಿಚಾರಾರ್ಹವಾದ ಸಂಗತಿ.

ಬೇಗ ತಿಳಿದರೆ ಫಲವೇನು?

‘ಗುಣವಾಗದ ರೋಗವನ್ನು ಬೇಗ ತಿಳಿದು ಪ್ರಯೋಜನವೇನು?’ ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಉತ್ತರ ಮೂರು ಬಗೆಯದು.

ಮೊದಲನೆಯದಾಗಿ, ಮರೆವೆಲ್ಲವೂ ಆಲ್ಝೈಮರ್ ಅಲ್ಲ. ವಿಟಮಿನ್ ಬಿ-೧೨ರ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಮನಸ್ಸಿನ ಖಿನ್ನತೆ, ಕೆಲವು ಔಷಧಗಳ ದುಷ್ಪರಿಣಾಮ, ತಲೆಗೆ ಬಿದ್ದ ಪೆಟ್ಟಿನಿಂದ ನಿಧಾನವಾಗಿ ಕಟ್ಟಿಕೊಂಡ ರಕ್ತ ಇವೂ ಮರೆವನ್ನು ತರಬಲ್ಲವು. ಬಿ-೧೨ ದೊರೆಯುವುದು ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ. ರೊಟ್ಟಿ ಪಲ್ಯದಲ್ಲಷ್ಟೇ ದಿನ ಕಳೆಯುವ, ಜೀರ್ಣಶಕ್ತಿ ಕುಂದಿದ ವೃದ್ಧರಿಗೆ ಅದರ ಕೊರತೆ ಬರುವುದು ಸುಲಭ. ಇಂಥ ಕಾರಣಗಳನ್ನು ಸಕಾಲದಲ್ಲಿ ಕಂಡರೆ ಮರೆವು ಹಿಂದಿರುಗಬಹುದು. ‘ಅರಳುಮರಳು’ ಎಂದು ಕೈಬಿಟ್ಟರೆ, ಕೆಲವು ಚುಚ್ಚುಮದ್ದುಗಳಿಂದ ಸರಿಹೋಗಬಹುದಾಗಿದ್ದವರು ಮೂಲೆಗುಂಪಾಗುತ್ತಾರೆ. ನಮ್ಮ ಗಾದೆಯಿಂದ ಆಗುವ ನಿಜವಾದ ಹಾನಿ ಇದು.

ಎರಡನೆಯದಾಗಿ, ಔಷಧಗಳ ವಿಷಯ. ಮಿದುಳಿನ ಅಮಿಲಾಯ್ಡನ್ನು ತೊಡೆಯುವ ಲೆಕಾನೆಮಾಬ್ ಎಂಬ ಮದ್ದಿಗೆ ೨೦೨೩ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ದೊರೆಯಿತು. ಹದಿನೆಂಟು ತಿಂಗಳ ಪ್ರಯೋಗದಲ್ಲಿ ಅದು ರೋಗದ ಓಟವನ್ನು ಶೇಕಡಾ ೨೭ರಷ್ಟು ನಿಧಾನಗೊಳಿಸಿತು, ನಿಲ್ಲಿಸಲಿಲ್ಲ. ಮಿದುಳಿನ ಊತ, ರಕ್ತಸ್ರಾವಗಳ ಅಪಾಯವೂ ಅದಕ್ಕುಂಟು. ಅದನ್ನು ಕೊಡುವುದು ಆರಂಭದ ಹಂತದವರಿಗೆ ಮಾತ್ರ.

ಮೂರನೆಯದು ಎಲ್ಲರಿಗೂ ಎಟುಕುವಂಥದು. ೨೦೨೪ರ ಲ್ಯಾನ್ಸೆಟ್ ಆಯೋಗವು ಹದಿನಾಲ್ಕು ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿ, ಅವೆಲ್ಲವನ್ನೂ ನಿವಾರಿಸಿದರೆ ಜಗತ್ತಿನ ಡಿಮೆನ್ಷಿಯದಲ್ಲಿ ಶೇಕಡಾ ೪೫ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಅಂದಾಜು ಮಾಡಿತು. ಬಾಲ್ಯದ ವಿದ್ಯೆಯ ಕೊರತೆ, ಕಿವುಡು, ಚಿಕಿತ್ಸೆಯಿಲ್ಲದ ದೃಷ್ಟಿದೋಷ, ರಕ್ತದೊತ್ತಡ, ಮಧುಮೇಹ, ಧೂಮಪಾನ, ತಲೆಯ ಗಾಯ, ಒಂಟಿತನ, ಕಲುಷಿತ ಗಾಳಿ ಇವು ಆ ಪಟ್ಟಿಯಲ್ಲಿವೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ರಕ್ತದೊತ್ತಡದ ಗುಳಿಗೆ, ಹೆಣ್ಣುಮಕ್ಕಳ ಶಾಲೆ ಇವೂ ಮಿದುಳಿನ ರಕ್ಷಣೆಯ ಸಾಧನಗಳೆಂದಾಯಿತು.

ಹೀಗಿರುವಾಗ ಎಚ್ಚರಿಕೆ ಮೊದಲು ಮೂಡಬೇಕಾದುದು ಮನೆಯಲ್ಲಿಯೇ. ಸಂತೆಯಲ್ಲಿ ಒಂದು ಸಾಮಾನು ಮರೆತುಬರುವುದು ರೋಗವಲ್ಲ. ನಲವತ್ತು ವರ್ಷ ನಡೆದ ಸಂತೆಯ ದಾರಿಯೇ ತಪ್ಪುವುದು ಎಚ್ಚರಿಕೆಯ ಗುರುತು. ಹೆಸರೊಂದು ಆ ಕ್ಷಣಕ್ಕೆ ನೆನಪಾಗದೆ ಸಂಜೆ ಹೊಳೆಯುವುದು ಸಹಜ. ಅರ್ಧ ಗಂಟೆಯಲ್ಲಿ ಒಂದೇ ಪ್ರಶ್ನೆಯನ್ನು ನಾಲ್ಕು ಬಾರಿ ಕೇಳುವುದು, ಕೊಟ್ಟ ಉತ್ತರದ ನೆನಪೇ ಇಲ್ಲದಿರುವುದು ಸಹಜವಲ್ಲ. ಹಣದ ಲೆಕ್ಕ ತಪ್ಪುವುದು, ಪರಿಚಿತವಾದ ಅಡುಗೆಯ ಕ್ರಮ ಮರೆಯುವುದು, ಸ್ವಭಾವ ತೀರ ಬದಲಾಗುವುದು ಇವನ್ನೂ ಗಮನಿಸಬೇಕು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರಗಳು ೨೦೨೨ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಯೋಜನೆಯು ಇಂಥ ಗುರುತುಗಳನ್ನು ಕಾಣಲು ಪ್ರಾಥಮಿಕ ವೈದ್ಯರಿಗೆ ತರಬೇತಿ ಕೊಡುತ್ತ ಬಂದಿದೆ. ಗದಗಿನಲ್ಲಿ ೨೦೧೫ರಿಂದ ವೈದ್ಯಕೀಯ ಮಹಾವಿದ್ಯಾಲಯವೂ ಇದೆ. ಮೊದಲ ವಿಚಾರಣೆಗಾಗಿ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ.

ನಮ್ಮ ವಾಚಕರಲ್ಲಿ ಅನೇಕರು ವಿದ್ಯಾರ್ಥಿಗಳು. ಅಜ್ಜ ಅಜ್ಜಿಯರೊಡನೆ ದಿನವೂ ಮಾತನಾಡುವವರು ಅವರೇ. ಹೋದ ವರ್ಷದ ಅಜ್ಜಿಗೂ ಈ ವರ್ಷದ ಅಜ್ಜಿಗೂ ಇರುವ ವ್ಯತ್ಯಾಸ ಯಾವ ಯಂತ್ರಕ್ಕಿಂತಲೂ ಮೊದಲು ತಿಳಿಯಬಹುದಾದುದು ಅವರಿಗೇ. ಆ ವ್ಯತ್ಯಾಸ ಕಂಡಾಗ ನಗದೆ, ಗದರದೆ, ಗಾದೆಯನ್ನು ಹೇಳಿ ಮುಗಿಸದೆ, ಅವರನ್ನು ವೈದ್ಯರ ಬಳಿಗೆ ಕರೆದೊಯ್ಯುವುದು ಎಲ್ಲ ಮುಂಗುರುತುಗಳ ಶೋಧಕ್ಕೂ ಮೊದಲ ಹೆಜ್ಜೆಯಾಗಿದೆ.